ಬೀದಿಗೊಬ್ಬರೇ ಇಂಗ್ಲಿಷ್ ಪಂಡಿತರು

ಹೆಂಡತಿ ಓದಲಿ ಎಂದು ಪುಸ್ತಕ ತಂದುಕೊಟ್ಟವರು ಸಿದ್ದಲಿಂಗೇಶ್ ಅವರೇ. ಆದರೆ ಆಕೆ ನಿಜವಾಗಿಯೂ ಓದಿಬಿಡುತ್ತಾಳೆ ಎಂದು ಅವರು ಅಂದುಕೊಂಡಿರಲಿಲ್ಲ.

ಇಪ್ಪತ್ತು ವರ್ಷದಿಂದ ನ್ಯಾಮತಿಯ ಆ ಬೀದಿಗೆ ಯಾವ ಇಂಗ್ಲಿಷ್ ಕಾಗದ ಬಂದರೂ ಸೀದಾ ಅವರ ಮನೆಯ ಕಟ್ಟೆಗೆ ಬರುತ್ತಿತ್ತು. ಅವರು ಕನ್ನಡಕ ಏರಿಸಿ, ಮೊದಲ ಸಾಲು ಓದಿ, ಕೊನೆಯ ಸಾಲು ಓದಿ, ನಡುವಿನದನ್ನು ಊಹಿಸಿ (ಅವರು ಅದನ್ನು ಅನುಭವ ಎನ್ನುತ್ತಿದ್ದರು) "ಗಾಬರಿ ಆಗೋದು ಏನಿಲ್ಲ" ಎಂದು ಘನಗಂಭೀರ ತೀರ್ಪು ಕೊಡುತ್ತಿದ್ದರು. ಒಳಗಿನಿಂದ ಚಹಾ ಬರುತ್ತಿತ್ತು.

ಈಗ ಹೆಂಡತಿ ಸಂಧ್ಯಾರಾಣಿ ಶಿಕ್ಷಕರ ಪರೀಕ್ಷೆಗೆ ಓದುತ್ತಿದ್ದಾಳೆ. ಎಷ್ಟು ಉದ್ದದ ವಾಕ್ಯ ಕೊಟ್ಟರೂ "ಯಾರು, ಏನು ಮಾಡಿದ್ರು ಅನ್ನೋದನ್ನ ಮೊದ್ಲು ಹುಡುಕ್ಬೇಕು" ಎಂದು ಅಡಿಗೆರೆ ಎಳೆದು ಬಿಡಿಸಿಬಿಡುತ್ತಾಳೆ. ಜನ ಕಟ್ಟೆ ದಾಟಿ ಅಡುಗೆಮನೆ ಬಾಗಿಲಿಗೇ ಹೋಗತೊಡಗಿದರು. ಮೊನ್ನೆ ಅದೇ ಬೀದಿಯ ಬೆನಕಪ್ಪ ಕಾಗದ ಹಿಡಿದು ಬಂದು, "ಅಕ್ಕಾರು ಅದಾರೇನ್ರಿ?" ಎಂದು ಇವರನ್ನೇ ಕೇಳಿದ. ಸಿದ್ದಲಿಂಗೇಶ್‌ಗೆ ಹೊಟ್ಟೆ ಉರಿಯಿತು. ಪಿತ್ತ ಇರಬೇಕೆಂದು ಜೀರಿಗೆ ಕಷಾಯ ಕುಡಿದರು. ಕಷಾಯಕ್ಕೆ ಇಳಿಯುವ ಉರಿ ಅದಾಗಿರಲಿಲ್ಲ.

ಮೂರು ದಿನ ಕೂತು ಅರವತ್ತೊಂದು ಪದಗಳ ಒಂದೇ ಒಂದು ಇಂಗ್ಲಿಷ್ ವಾಕ್ಯ ಕಟ್ಟಿದರು. ಅದನ್ನು ಲಕೋಟೆಗೆ ಹಾಕಿ, ಎದುರು ಮನೆಯ ಇಮಾಮ್‌ಬೀ ಹೆಸರು ಬರೆದು, ಯಾರಿಗೂ ಕಾಣದಂತೆ ಅವರ ಬಾಗಿಲಡಿ ತೂರಿಸಿದರು. ಹೆಂಡತಿ ತಡವರಿಸಬೇಕು, ಆಗ ತಾವು ಎದ್ದು ಅರ್ಥ ಬಿಡಿಸಬೇಕು. ಇದು ಅವರ ಮಹಾ ವ್ಯೂಹ.

ಇಮಾಮ್‌ಬೀ ಓಡಿ ಬಂದರು. "ಸಂಧ್ಯಾ, ಕೋರ್ಟಿಂದೇನೋ ಬಂದೈತೆ, ನೋಡವ್ವ!"

ಸಂಧ್ಯಾರಾಣಿ ಕಟ್ಟೆಯ ಮೇಲೆ ಕೂತು ಗೆರೆ ಎಳೆದಳು. ಪಕ್ಕದಲ್ಲಿ ಸಿದ್ದಲಿಂಗೇಶ್ ಪೇಪರ್ ಓದುವವರಂತೆ ಕಿವಿ ಕೊಟ್ಟು ಕೂತಿದ್ದರು.

"ಹೆದರಬ್ಯಾಡ್ರಿ ಇಮಾಮ್‌ಬೀ ಅಕ್ಕ. ಮರದ ಕೆಳಗೆ ಒಂದು ಸಿಂಹ ಕಣ್ಣು ಮುಚ್ಕಂಡು ಕುಂತೈತಂತೆ. ಅದರ ನೆರಳಾಗೆ ಬೆಳೆದ ಬಳ್ಳಿ ಮರದ ತುದಿ ಮುಟ್ಟೈತಂತೆ."

"ಸಿಂಹದ ಸುದ್ದಿ ನನಗ್ಯಾಕವ್ವ?"

"ನಿಜವಾದ ಸಿಂಹ ಅಲ್ರಿ, ಹೋಲಿಸಿ ಬರ್ದಾರೆ. ಯಾರೋ ಯಜಮಾನ್ರು, ಒಂದಿಷ್ಟು ಹೆಸರು ಮಾಡಿ ನಿದ್ದೆ ಹೊಡೀತಾ ಅದಾರೆ. ಬಳ್ಳಿ ಅಂದ್ರೆ ಮುಂದೆ ಬಂದಿರೋ ಯಾವುದೋ ಹೆಂಗಸು. ಆಕೀನ ಕಂಡ್ರೆ ಪಾಪ, ಹೊಟ್ಟೆಕಿಚ್ಚು."

ಪೇಪರ್ ಹಾರಿ ಅಂಗಳಕ್ಕೆ ಬಿತ್ತು. "ನಿದ್ದೆ ಎಲ್ಲೈತೆ ಅದ್ರಾಗೆ? ಸಿಂಹ ಧ್ಯಾನ ಮಾಡ್ತೈತೆ! ಧ್ಯಾನ ಅಂತಾನೇ ನಾನು ಬರ್ದಿದ್ದು!"

ಹೇಳಿದ ಮೇಲೆ ತಾವೇನು ಹೇಳಿದೆವು ಎಂಬುದು ಅವರಿಗೆ ತಿಳಿಯಿತು. ಇಮಾಮ್‌ಬೀ ಲಕೋಟೆ ನೋಡಿದರು, ಇವರ ಮುಖ ನೋಡಿದರು.

"ನೀವಾ ಅಣ್ಣಾರೆ? ಒಲೆ ಮೇಲೆ ಅನ್ನ ಬಿಟ್ಟು ಓಡಿಬಂದೀನಲ್ರೀ!"

ಸಂಧ್ಯಾರಾಣಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಕ್ಕಳು. "ರೀ, ಪರೀಕ್ಷೆಗೆ ಇನ್ನೂ ಹದಿನೈದು ದಿನ ಐತೆ. ಇಂಥ ಗೋಜಲು ವಾಕ್ಯ ಯಾವ ಗೈಡಿನಾಗೂ ಸಿಗಲ್ಲ. ದಿನಾ ಒಂದೊಂದು ಬರ್ದು ಕೊಡ್ರಿ."

ಈಗ ಬೆಳಗೆದ್ದು ವಾಕ್ಯ ಕಟ್ಟುವುದೇ ಪಂಡಿತರ ಕೆಲಸ. ನಿನ್ನೆ ಹಲ್ಲು ಕಚ್ಚಿಕೊಂಡು ತೊಂಬತ್ತು ಪದ ಹೆಣೆದಿದ್ದರು, ಅದರಲ್ಲಿ ಎರಡು ಸಾಗರ, ಒಂದು ಸಿಡಿಲು. ಉಪ್ಪಿಟ್ಟು ಬೇಯುವಷ್ಟರಲ್ಲಿ ಹಾಳೆ ವಾಪಸ್ ಬಂತು. ಎಲ್ಲ ಬಿಡಿಸಿ, ಕೆಳಗೆ ಮುದ್ದಾದ ಅಕ್ಷರದಲ್ಲಿ ಬರೆದಿದ್ದಳು: "ಇದು ಸುಲಭ ಆಯ್ತು. ನಾಳೆ ಸ್ವಲ್ಪ ಪ್ರಯತ್ನಪಟ್ಟು ಬರೀರಿ."