ಬೆಳ್ಳಿಗೆ ವಿಭೂತಿ

ಪೆಟ್ಟಿಗೆ ತೆರೆದ ಚಿಕ್ಕಣ್ಣ ಹಣೆ ಚಚ್ಚಿಕೊಂಡ. ಎಲ್‌ಇಡಿಯ ಬೆಳ್ಳಿ ದೋಸೆ ಕಾವಲಿಯಂತೆ ಕಪ್ಪಾಗಿತ್ತು.

ಓಮಲೂರಿನ ಹತ್ತಿರದ ಆ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅವನು ಒಂಬತ್ತು ವರ್ಷದಿಂದ ಟೆಂಪರರಿ ಸಹಾಯಕ. ಪ್ರೊಫೆಸರ್ ವಿಶ್ವನಾಥನ್ ಎಲ್‌ಇಡಿಯೊಳಗಿನ ಬೆಳ್ಳಿ ಲೇಪದ ಬೆನ್ನು ಹತ್ತಿದವರು. ಬೆಳಕು ಕೊಡುವ ಹರಳಿಗೆ ಕರೆಂಟು ಮುಟ್ಟಿಸುವುದೂ ಆ ಬೆಳ್ಳಿಯೇ, ಕೆಳಗೆ ಸೋರುವ ಬೆಳಕನ್ನು ಕನ್ನಡಿಯಂತೆ ಮೇಲಕ್ಕೆ ತಿರುಗಿಸುವುದೂ ಅದೇ. ಹನ್ನೊಂದು ಗಂಟೆಗೆ ಚೆನ್ನೈಯಿಂದ ತಜ್ಞರು ಬರುವವರಿದ್ದರು. ಅವರು ಮೆಚ್ಚಿದರೆ ಚಿಕ್ಕಣ್ಣನ ಕೆಲಸ ಪರ್ಮನೆಂಟ್ ಎಂದು ಪ್ರೊಫೆಸರರೇ ಮಾತು ಕೊಟ್ಟಿದ್ದರು. ಮೇಜಿನ ಮೇಲಿನ ಪೆಟ್ಟಿಗೆಯನ್ನು ಸೆಮಿನಾರ್ ಹಾಲಿಗೆ ತಂದರೆ ಸಾಕು ಎಂದು ಹೇಳಿ, ಅತಿಥಿಗಳನ್ನು ಕರೆತರಲು ಸೇಲಂ ಸ್ಟೇಷನ್ನಿಗೆ ಹೋಗಿದ್ದರು. ಈಗ ಫೋನ್ ಎತ್ತುತ್ತಿಲ್ಲ.

ಕಸ ಗುಡಿಸುತ್ತಿದ್ದ ಗುಂಡಮ್ಮ ಇಣುಕಿದಳು. "ಯಾಕ್ಲಾ, ಮೊಕ ಇಂಗೈತೆ?"

"ಬೆಳ್ಳಿ ಕರ್ರಗಾಗೈತಕ್ಕಾ. ನನ್ ಕೆಲ್ಸ ಓಯ್ತು."

"ಇಷ್ಟೇನಾ? ಕಾಲ್ಗೆಜ್ಜೆ ಕರ್ರಗಾದ್ರೆ ನಾವು ಇಬೂತಿ ಆಕಿ ಉಜ್ಜಲ್ವಾ? ಇತ್ಲಾಗೆ ಕೊಡು."

ಚಿಕ್ಕಣ್ಣ ಬೇಡ ಎನ್ನುವಷ್ಟರಲ್ಲಿ ಅವಳ ಸೆರಗಿನ ಗಂಟಿನಿಂದ ತಾರಮಂಗಲದ ದೇವಸ್ಥಾನದ ವಿಭೂತಿ ಹೊರಬಂದಿತ್ತು. ಅರ್ಧ ಬೆಳ್ಳಿ ಬೆಳಗಿತು, ಇನ್ನರ್ಧ ಬೂದಿ ಬಳಿದುಕೊಂಡು ಕುಳಿತಿತು.

ಟೀ ತಂದ ಕ್ಯಾಂಟೀನಿನ ಮುರುಗೇಶ್ ನಕ್ಕ. ಅವನು ಸೇಲಂನ ಕಾಲ್ಗೆಜ್ಜೆ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ ಮಾಡಿ ಬಂದವನು. "ಅಣ್ಣಾ, ಕೊಲುಸಿಗೆ, ಅದೇ ಗೆಜ್ಜೆಗೆ, ನಾವು ಅಂಟುವಾಳದ ನೀರು ಆಕ್ತಿದ್ವಿ. ಅಂಗೇ ಪಳಪಳ ಅಂತೈತೆ. ಒಂದು ಟೂತ್‌ಬ್ರಶ್ ಕೊಡ್ರಿ."

ಕ್ಯಾಂಟೀನಿನಿಂದ ಅಂಟುವಾಳದ ನೀರು ಬಂತು, ನೊರೆ ಎದ್ದಿತು, ಕಪ್ಪು ಇಳಿಯಿತು, ಬೆಳ್ಳಿ ಮದುವೆ ಮನೆಯ ತಟ್ಟೆಯಂತೆ ಹೊಳೆಯಿತು. ಚಿಕ್ಕಣ್ಣ ಸ್ವಿಚ್ ಒತ್ತಿದ. ದೀಪ ಹತ್ತಲಿಲ್ಲ.

"ನೀರು ಒಳಗೆ ಓಗೈತೆ, ಅಷ್ಟೇ," ಎಂದ ಮುರುಗೇಶ್ ಲೇಡೀಸ್ ಹಾಸ್ಟೆಲಿಗೆ ಓಡಿ, ವಾರ್ಡನ್ನಿನ ಹತ್ತಿರ ಬೈಗುಳದ ಸಮೇತ ಹೇರ್ ಡ್ರೈಯರ್ ತಂದ. ಹತ್ತೂ ಮುಕ್ಕಾಲಿಗೆ ದೀಪ ಝಗ್ಗೆಂದು ಹತ್ತಿದಾಗ ಚಿಕ್ಕಣ್ಣನ ಕಣ್ಣು ತುಂಬಿ ಬಂತು. ಇಬ್ಬರಿಗೂ ಕೈಮುಗಿದು, ಪೆಟ್ಟಿಗೆ ಎತ್ತಿಕೊಂಡು ಹಾಲಿನ ಕಡೆ ಓಡಿದ.

ಹನ್ನೊಂದಕ್ಕೆ ಅತಿಥಿಗಳೊಂದಿಗೆ ಹಾಲಿಗೆ ಬಂದ ಪ್ರೊಫೆಸರರು ಪೆಟ್ಟಿಗೆ ತೆರೆಯದೆಯೇ ಮಾತು ಶುರುಮಾಡಿದರು. ತಮ್ಮ ಜೇಬಿನಿಂದ ಇನ್ನೊಂದು ಎಲ್‌ಇಡಿ ತೆಗೆದು ಎತ್ತಿ ತೋರಿಸಿದರು. "ಇದು ನನ್ನ ಹೊಸ ವಿಧಾನ. ಬೆಳ್ಳಿಯ ಮೇಲೆ ತೆಳು ಲೋಹದ ರಕ್ಷಣೆ ಇದೆ. ಪೆಟ್ಟಿಗೆಯಲ್ಲಿರುವುದು ಹಳೆಯದು. ಎರಡನ್ನೂ ಆರು ತಿಂಗಳು ಗಾಳಿಗೆ ಬಿಟ್ಟಿದ್ದೆ. ಹಳೆಯದು ಹೇಗೆ ಕರ್ರಗೆ ಹಾಳಾಗಿದೆ, ನೀವೇ ನೋಡಿ."

ತಜ್ಞರು ಬಗ್ಗಿ ನೋಡಿದರು. ಎರಡನ್ನೂ ಹೊತ್ತಿಸಿ ಮೀಟರ್ ಹಿಡಿದರು. ಹಿರಿಯರೊಬ್ಬರು ಕನ್ನಡಕ ಒರೆಸಿಕೊಂಡು, "ಹಳೆಯದೇ ಹೆಚ್ಚು ಬೆಳಕು ಕೊಡುತ್ತಿದೆಯಲ್ಲ, ಪ್ರೊಫೆಸರ್," ಎಂದರು.  ವಿಶ್ವನಾಥನ್ ಅವರ ಕಣ್ಣು ನಿಧಾನವಾಗಿ ಬಾಗಿಲ ಕಡೆ ತಿರುಗಿತು.

ಅಲ್ಲಿ ಗುಂಡಮ್ಮ ಚಿಕ್ಕಣ್ಣನ ಬೆನ್ನು ತಟ್ಟುತ್ತಿದ್ದಳು. "ನೋಡ್ಲಾ, ಅಯ್ಯನೋರ್ದಕ್ಕಿಂತ ನಮ್ದೇ ಜಾಸ್ತಿ ಒಳೀತೈತೆ. ನಿನ್ ಕೆಲ್ಸ ಗ್ಯಾರಂಟಿ."