ಹೆಂಡತಿಯ ಹೆಸರಿನಲ್ಲಿ ತರಬೇತಿ

ತರ್ಕಶಾಸ್ತ್ರದ ಮೇಷ್ಟ್ರಿಗೆ ಆಪತ್ತು ತಂದದ್ದು ಅವರದೇ ನಾಲಿಗೆ. ಆನ್‌ಲೈನ್ ಪಾಠ ಮಾಡುವ ಅಧ್ಯಾಪಕರಿಗಾಗಿ ವಿಶ್ವವಿದ್ಯಾಲಯ ನೆರವು ಕೇಂದ್ರ ತೆರೆದಿದೆ, ಒಂದು ದಿನದ ತರಬೇತಿಗೆ ಹೆಸರು ಕೊಡಿ ಎಂಬ ಸುತ್ತೋಲೆ ಬಂದಾಗ ಅವರು ಅದನ್ನು ನಾಲ್ಕಾಗಿ ಮಡಚಿ ಕಾಫಿ ಲೋಟದಡಿ ಇಟ್ಟು, “ಇಪ್ಪತ್ತೆಂಟು ವರ್ಷ ಪಾಠ ಹೇಳಿದವನಿಗೆ ಗುಂಡಿ ಒತ್ತೋದು ಕಲಿಸ್ತಾರಂತೆ” ಎಂದು ಅಧ್ಯಾಪಕರ ಇಡೀ ಕೋಣೆಗೆ ಕೇಳುವಂತೆ ಅಂದುಬಿಟ್ಟರು. ಆ ಕೋಣೆಯಲ್ಲಿ ಚರಿತ್ರೆಯ ಮೇಷ್ಟ್ರೂ ಇದ್ದರು. ಅವರಿಗೆ ಎಲ್ಲರೂ ಇಟ್ಟ ಹೆಸರು ಗೆಜೆಟ್ಟು. ಬೆಳಗ್ಗೆ ಅವರ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಗೇಟಿನ ಕಾವಲುಗಾರನ ಬಾಯಲ್ಲಿರುತ್ತಿತ್ತು.

ಮುಂದಿನ ವಾರ ಎರಡನೆಯ ಸುತ್ತೋಲೆ ಬಂತು. ಪ್ರಮಾಣಪತ್ರವಿಲ್ಲದವರಿಗೆ ಆನ್‌ಲೈನ್ ಪಾಠವಿಲ್ಲ. ಅವರ ಕೋರ್ಸನ್ನು ಕಿರಿಯರಿಗೆ ಕೊಡಲಾಗುವುದು. ಮೇಷ್ಟ್ರ ಕಿರಿಯನೆಂದರೆ ಅವರ ಕೈಯಲ್ಲೇ ಎರಡು ಸಲ ಫೇಲಾದವನು. ಈಗ ಹೆಸರು ಕೊಟ್ಟರೆ ಗೆಜೆಟ್ಟಿಗೆ ಸುದ್ದಿ, ಕೊಡದಿದ್ದರೆ ಕೋರ್ಸು ಹೋಯಿತು; ಬಾಯಲ್ಲಿ ಬಿಸಿತುಪ್ಪ. ಸ್ವಂತ ಬುದ್ಧಿಯಿಂದಲೇ ಕಲಿಯೋಣವೆಂದು ಒಂದು ದಿನ ಕೋಣೆಯ ಬಾಗಿಲು ಹಾಕಿಕೊಂಡು ಪಾಠ ರೆಕಾರ್ಡ್ ಮಾಡಿದರು. ಆಮೇಲೆ ನೋಡಿದರೆ ನಲವತ್ತು ನಿಮಿಷವೂ ಚಾವಣಿಯ ಫ್ಯಾನು ತಿರುಗುತ್ತಿತ್ತು.

ತರಬೇತಿಯ ದಿನವೇ ಅತ್ತೆಯ ಕಣ್ಣಿನ ಆಪರೇಷನ್ ಬಂದದ್ದು ಅವರಿಗೆ ದೇವರು ಕಣ್ಣು ಬಿಟ್ಟಂತಾಯಿತು. ಮೇಷ್ಟ್ರ ಹೆಂಡತಿ ಅದೇ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕಿ; ತರಬೇತಿಗೆ ಹೆಸರು ಕೊಟ್ಟಿದ್ದರು. ಅದೂ ಆನ್‌ಲೈನ್‌ನಲ್ಲೇ, ಮನೆಯಿಂದಲೇ ಸೇರಬಹುದಿತ್ತು. ತಾಯಿಯ ಜೊತೆ ಆಸ್ಪತ್ರೆಗೆ ಹೊರಡುವಾಗ, “ರೀ, ನನ್ನ ಹೆಸರಲ್ಲಿ ಕಂಪ್ಯೂಟರ್ ತೆರೆದಿಟ್ಟಿರಿ. ಹಾಜರಿ ಬಿದ್ರೆ ಸಾಕು, ನೀವೇನೂ ಮಾಡ್ಬೇಡಿ” ಎಂದು ಹೇಳಿಹೋದರು.

ಏನೂ ಮಾಡದಿರುವುದು ಮೇಷ್ಟ್ರ ಜಾಯಮಾನವಲ್ಲ. ಹೆಂಡತಿಯ ಹೆಸರಿನಲ್ಲಿ ಎಲ್ಲವನ್ನೂ ಕಲಿತು, ಆಮೇಲೆ ತಮ್ಮ ಹೆಸರಿನಲ್ಲಿ ಬರೀ ಪರೀಕ್ಷೆಯನ್ನಷ್ಟೇ ಕೊಟ್ಟು, ತರಬೇತಿಯೇ ಇಲ್ಲದೆ ಪಾಸಾದೆ ಎಂದು ಮೀಸೆ ತಿರುವುವುದು ಅವರ ಲೆಕ್ಕಾಚಾರ. ಕ್ಯಾಮೆರಾ ಮುಚ್ಚಿ, ಮೈಕು ಆರಿಸಿ, ನೋಟ್‌ಬುಕ್ ಬಿಡಿಸಿ ಕುಳಿತರು.

ಕಲಿಸುವವಳು ನೆರವು ಕೇಂದ್ರದ ಹುಡುಗಿ. ಅಂಗನವಾಡಿ ಮಕ್ಕಳಿಗೆ ಹೇಳುವಷ್ಟು ತಾಳ್ಮೆಯಿಂದ ಹೇಳುತ್ತಿದ್ದಳು; ಅದೇ ಮೇಷ್ಟ್ರಿಗೆ ಅಪಾಯವಾಯಿತು. ಸಸ್ಯಶಾಸ್ತ್ರದ ಮೇಡಂ ಯಾಕೆ ಮಾತಾಡುತ್ತಿಲ್ಲ ಎಂದು ಹತ್ತು ನಿಮಿಷಕ್ಕೊಮ್ಮೆ ವಿಚಾರಿಸತೊಡಗಿದಳು. ಗಂಟಲು ಕಟ್ಟಿದೆ ಎಂದು ಮೇಷ್ಟ್ರು ಟೈಪ್ ಮಾಡಿದರು. ಕೂಡಲೇ ಮೂವತ್ತು ಜನ ಮೂವತ್ತು ಔಷಧಿ ಹೇಳಿದರು.

ಊಟವಾದ ಮೇಲೆ ಹುಡುಗಿ ಎಲ್ಲರನ್ನೂ ಇಬ್ಬಿಬ್ಬರನ್ನಾಗಿ ಬೇರೆ ಮಾಡಿದಳು. ಮೇಷ್ಟ್ರ ಪಾಲಿಗೆ ಬಂದದ್ದು ಗೆಜೆಟ್ಟು. ಸಸ್ಯಶಾಸ್ತ್ರದ ಮೇಡಂ ಒಬ್ಬರೇ ಸಿಕ್ಕರೆಂದು ಅವರಿಗೆ ಹಬ್ಬವಾಯಿತು.

“ನಿಮ್ಮೆಜಮಾನ್ರು ಬರೋದಿಲ್ಲ ಬಿಡಿ ಮೇಡಂ. ಬರದಿದ್ರೂ ನಷ್ಟವಿಲ್ಲ. ಅವರ ಕ್ಲಾಸಲ್ಲಿ ಮಕ್ಕಳು ಬೆಂಚಿನ ಮೇಲೆ ನಿದ್ದೆ ಮಾಡ್ತಾವೆ, ಪಾಪ, ಕತ್ತು ನೋಯುತ್ತೆ. ಆನ್‌ಲೈನ್ ಆದ್ರೆ ಹಾಸಿಗೆಯಲ್ಲೇ ಮಲಗಬಹುದು.”

ಮೇಷ್ಟ್ರ ಕಿವಿ ಕೆಂಪಾಯಿತು. ‘ಅವರು ಬಹಳ ತಿಳಿದವರು’ ಎಂದು ಎರಡು ಬೆರಳಲ್ಲಿ ಕುಟ್ಟಿದರು.

“ನೀವು ಹಾಗನ್ನಲೇಬೇಕಲ್ಲ” ಎಂದರು ಗೆಜೆಟ್ಟು, ಸಾಂತ್ವನದ ದನಿಯಲ್ಲಿ. “ಇಷ್ಟು ವರ್ಷ ಸಹಿಸಿಕೊಂಡಿದ್ದೀರಿ. ನಿಮ್ಮ ತಾಳ್ಮೆಗೆ ಕೈ ಮುಗೀಬೇಕು.”

ಹೆಂಡತಿಯ ಪರವಾಗಿ ಮೇಷ್ಟ್ರು ಧನ್ಯವಾದ ತಿಳಿಸಬೇಕಾಯಿತು.

ಆ ಸಿಟ್ಟೆಲ್ಲ ಪರೀಕ್ಷೆಯ ಮೇಲೆ ಇಳಿಯಿತು. ಐದು ನಿಮಿಷದ ಪಾಠವೊಂದನ್ನು ತಯಾರಿಸಿ ಕಳಿಸಬೇಕಿತ್ತು. ಹೆಂಡತಿಯ ಪುಸ್ತಕದಿಂದ ಚಿತ್ರಗಳನ್ನು ತೆಗೆದು, ದನಿಯ ಬದಲು ಅಕ್ಷರದಲ್ಲೇ ‘ಎಲೆ ಹಸಿರು, ಗಿಣಿಯೂ ಹಸಿರು, ಹಾಗಾದರೆ ಗಿಣಿ ಎಲೆಯೇ?’ ಎಂದು ತರ್ಕವನ್ನೂ ಸಸ್ಯವನ್ನೂ ಕಸಿ ಮಾಡಿ ಕಳಿಸಿಬಿಟ್ಟರು. ಹುಡುಗಿ ಅದನ್ನು ಎಲ್ಲರಿಗೂ ತೋರಿಸಿದಳು. ಐವತ್ತಕ್ಕೆ ಐವತ್ತು, ಮೇಡಂಗೆ ಮೊದಲ ಸ್ಥಾನ. ಮೇಷ್ಟ್ರು ಎದ್ದು ನಿಂತು ಖಾಲಿ ಕೋಣೆಗೆ ನಮಸ್ಕಾರ ಮಾಡಿದರು.

ಸಂಜೆ ಹೆಂಡತಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ತಾಯಿಯನ್ನು ಕರೆತಂದು ಕೂರಿಸುವಷ್ಟರಲ್ಲಿ ಫೋನು ಬಂತು. ನೆರವು ಕೇಂದ್ರದ ಹುಡುಗಿ. ಹೆಂಡತಿ ಮೊದಲು ಕಣ್ಣರಳಿಸಿದರು, ಆಮೇಲೆ ಗಂಡನತ್ತ ತಿರುಗಿ ಕಣ್ಣು ಕಿರಿದು ಮಾಡಿದರು, ಕೊನೆಗೆ “ಆಗಲಿ” ಎಂದು ಫೋನಿಟ್ಟರು.

ಮೊದಲ ಸ್ಥಾನ ಪಡೆದವರು, ತರಬೇತಿಗೆ ಬಾರದೆ ಉಳಿದವರಿಗೆ ಕಲಿಸಬೇಕಂತೆ. ಇಡೀ ವಿಶ್ವವಿದ್ಯಾಲಯದಲ್ಲಿ ಹಾಗೆ ಉಳಿದವರು ಒಬ್ಬರೇ ಅಂತೆ. ನಾಳೆ ಹತ್ತಕ್ಕೆ ಕೇಂದ್ರದ ಸಭಾಂಗಣದಲ್ಲಿ, ಎಲ್ಲರ ಮುಂದೆ. ಅವರ ಪರೀಕ್ಷೆಯೂ ಅಲ್ಲೇ.

“ಆಗಲ್ಲ ಅನ್ನಬಾರದಿತ್ತಾ?” ಎಂದರು ಮೇಷ್ಟ್ರು.

“ಯಾಕೆ ಅಂತ ಕೇಳಿದ್ರೆ ಏನನ್ನಲಿ? ನಡೀರಿ, ನನಗೆ ಕಲಿಸಿ. ನಾಳೆ ನಾನು ನಿಮಗೆ ಕಲಿಸ್ಬೇಕಲ್ಲ.”

ಊಟದ ಹೊತ್ತಿನವರೆಗೂ ಮೇಷ್ಟ್ರು ಕಲಿಸಿದರು. ಪಕ್ಕದಲ್ಲಿದ್ದ ಅತ್ತೆ, ತಮಗೆ ಒಂದೇ ಕಣ್ಣಿನಲ್ಲಿ ತಿಳಿದದ್ದು ಮಗಳಿಗೆ ಎರಡು ಕಣ್ಣಿನಲ್ಲೂ ತಿಳಿಯುತ್ತಿಲ್ಲವೆಂದು ಪೇಚಾಡಿಕೊಂಡರು.

ಮರುದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಗೆಜೆಟ್ಟು. ಮೇಡಂ ಒಂದೊಂದಾಗಿ ಹೇಳುತ್ತಾ ಹೋದರು; ಮೇಷ್ಟ್ರು ಹೊಸಬರಂತೆ ತಲೆಯಾಡಿಸುತ್ತಾ ಐದು ನಿಮಿಷದ ಪಾಠವನ್ನು ಅಚ್ಚುಕಟ್ಟಾಗಿ ರೆಕಾರ್ಡ್ ಮಾಡಿದರು. ಇನ್ನು ಉಳಿಸಿಟ್ಟರೆ ಮುಗಿಯಿತು.

“ಈಗ ಬಲಗಡೆ ಗುಂಡಿ ಒತ್ತಿ” ಎಂದರು ಮೇಡಂ.

ಬಲಗಡೆಯದು ಅಳಿಸುವ ಗುಂಡಿ. ಮೇಷ್ಟ್ರ ಕೈ ನಿಂತಿತು. “ಎಡಗಡೆಯದಲ್ವಾ?” ಎಂದು ಮೆಲ್ಲಗೆ ಕೇಳಿದರು. ಸಭಾಂಗಣವೆಲ್ಲ ನಕ್ಕಿತು.

“ಸರ್, ಮೇಡಂ ಐವತ್ತಕ್ಕೆ ಐವತ್ತು ತಗೊಂಡವರು” ಎಂದಳು ಹುಡುಗಿ, ಅದೇ ತಾಳ್ಮೆಯಿಂದ. “ಅವರು ಹೇಳಿದ್ದನ್ನ ಸುಮ್ನೆ ಮಾಡಿ.”

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ತಪ್ಪಾಯಿತೆಂದು ಆಕೆಗೂ ಹೊಳೆದಿತ್ತು. ಆದರೆ ಆ ಐವತ್ತು ಅಂಕದ ಗುಟ್ಟು ಗೆಜೆಟ್ಟಿನ ಎದುರು ಬಿಚ್ಚುವುದೆಂತು? ಮೇಷ್ಟ್ರು ನಿಟ್ಟುಸಿರು ಬಿಟ್ಟು, ಬಲಗಡೆಯ ಗುಂಡಿಯನ್ನೇ ಒತ್ತಿದರು. ಪಾಠ ಹೇಳಹೆಸರಿಲ್ಲದಂತೆ ಮಾಯವಾಯಿತು.

ಹುಡುಗಿ ಮೇಷ್ಟ್ರ ಪರೀಕ್ಷೆಯ ಹಾಳೆಯ ಮೇಲೆ ಬರೆದು, ಮೇಡಂ ಕೈಗೆ ಕೊಟ್ಟಳು: ‘ಅಭ್ಯರ್ಥಿಗೆ ಕಲಿಯುವ ಆಸೆಯಿದೆ. ಮನೆಯಲ್ಲಿ ಮೇಡಂ ಅವರ ಹತ್ತಿರ ಇನ್ನೂ ಒಂದು ತಿಂಗಳು ಅಭ್ಯಾಸ ಮಾಡುವುದು.’