ಬ್ಯಾಡಗಿಯಲ್ಲಿ ಎದೆ ತುಂಬ ಉಸಿರು

ಚೌಕಾಶಿಯಲ್ಲಿ ನನ್ನನ್ನು ಸೋಲಿಸುವವರು ರಾಣೇಬೆನ್ನೂರಿನಲ್ಲಿ ಇನ್ನೂ ಹುಟ್ಟಿಲ್ಲ. ಸಂತೆಯಲ್ಲಿ ಟವೆಲ್ ಮಾರಿ, ಅದರ ಗಳಿಕೆಯಲ್ಲೇ ಬಿ.ಎಡ್. ಸೇರಿದವನು ನಾನು. ಹೀಗಾಗಿ ಶಾಲೆಯಲ್ಲಿ ಪಾಠ ಮಾಡಿ ತೋರಿಸುವ ಅಂತಿಮ ಪರೀಕ್ಷೆಗೆ ಹಾವೇರಿಯ ಗದ್ದಲದ ಶಾಲೆ ನನ್ನ ಪಾಲಿಗೆ ಬಂದಾಗ ಹೆದರಲಿಲ್ಲ. ಸಹಪಾಠಿ ಮುಮ್ತಾಜ್‌ಗೆ ಬ್ಯಾಡಗಿಯ ಶಾಂತ ಶಾಲೆ ಸಿಕ್ಕಿತ್ತು. ಅದೂ ಅವಳದೇ ಊರು!

"ಅದಲಿ ಬದಲಿ ಮಾಡ್ಕೊಳ್ಳೋಣೇನ್ರಿ? ಮ್ಯಾಲ ನನ್ನ ಪಾಠದ ಚಾರ್ಟ್ ಅಷ್ಟೂ ನಿಮಗ," ಎಂದೆ.

"ಹೂಂನ್ರಿ," ಎಂದಳು, ಒಂದು ಮಾತೂ ಚೌಕಾಶಿ ಮಾಡದೆ. ಪಾಪ, ವ್ಯವಹಾರ ತಿಳಿಯದ ಹುಡುಗಿ ಎಂದುಕೊಂಡೆ! ಕಾಲೇಜಿನವರೂ ಒಪ್ಪಿದರು.

ಆ ವಾರವೇ ಒತ್ತಡ ನಿರ್ವಹಣೆಯ ತಜ್ಞರೊಬ್ಬರು ದಯಮಾಡಿಸಿದರು. ಏಳನೇ ತರಗತಿಯ ಎದುರು ಒಮ್ಮೆಯೂ ನಿಂತವರಲ್ಲ. ಫ್ಯಾನಿನ ಕೆಳಗೆ ಮಾತ್ರ ಚೆನ್ನಾಗಿ ನಿಂತರು. ಪ್ರೊಜೆಕ್ಟರ್ ಹಚ್ಚಿ ಅರ್ಧ ದಿನ ಹೇಳಿದ್ದು ಇಷ್ಟೇ: "ಎದೆ ತುಂಬ ಉಸಿರೆಳೆಯಿರಿ, ಒತ್ತಡ ಓಡಿಹೋಗುತ್ತದೆ." ಪುಕ್ಕಟೆ ಮಾಲನ್ನು ಹಿಂದೆ ಮುಂದೆ ನೋಡದೆ ಒಯ್ಯಬಾರದು. ಈ ಬುದ್ಧಿಮಾತನ್ನು ಎಲ್ಲರಿಗೂ ಹೇಳುವ ನಾನೇ ಒಯ್ದೆ!

ಪರೀಕ್ಷೆಯ ದಿನ ಬ್ಯಾಡಗಿಗೆ ಹೋದರೆ ತರಗತಿಯ ಕಿಟಕಿಗಳೆಲ್ಲ ಮುಚ್ಚಿದ್ದವು. ಪಾಠ: ಉಸಿರಾಟ. ಹಿಂದಿನ ಬೆಂಚಿನಲ್ಲಿ ಪರಊರಿನ ಪರೀಕ್ಷಕರು. ಫೇಲಾದರೆ ಮಾಸ್ತರಿಕೆ ಹೋಗಿ ಮತ್ತೆ ಟವೆಲ್! ತಜ್ಞರ ಮಾತು ನೆನಪಾಯಿತು.

"ಕಿಟಕಿ ತಗೀರಿ! ಹೊಸಾ ಗಾಳಿ ಬರ್ಲಿ."

"ಬ್ಯಾಡ್ರೀ ಸರ್ರ," ಎಂದಳು ಮುಂದಿನ ಸಾಲಿನ ಹುಡುಗಿ. "ಆ ಕಡೆ ಮೆಣಸಿನಕಾಯಿ..."

"ನನಗ ಕಲಿಸ್ತೀಯೇನು? ತಗೀ!"

ತೆಗೆದಳು. ಇಡೀ ತರಗತಿ ಒಟ್ಟಿಗೇ ಮೂಗಿಗೆ ಬಟ್ಟೆ ಹಿಡಿಯಿತು. ಇದನ್ನು ನಾನು ಶಿಸ್ತು ಎಂದು ತಿಳಿದೆ.

"ಈಗ ಎಲ್ಲಾರೂ ಎದಿ ತುಂಬ ಉಸಿರು ಎಳೀರಿ. ಸಾಹೇಬ್ರ, ತಾವೂ ಎಳೀರಿ, ಭಾಳ ಸಮಾಧಾನ ಆಗ್ತೈತಿ!"

ಎಳೆದವರು ಇಬ್ಬರೇ. ನಾನು ಮತ್ತು ಪರೀಕ್ಷಕರು.

ಕಿಟಕಿಯಾಚೆಯ ಮಾರುಕಟ್ಟೆಯಲ್ಲಿ ಸುಗ್ಗಿಯ ಮೆಣಸಿನಕಾಯಿ ಚೀಲ ಸುರಿಯುತ್ತಿದ್ದರು. ಬ್ಯಾಡಗಿ ಕಾಯಿಗೆ ಬಣ್ಣವಷ್ಟೇ, ಖಾರವಿಲ್ಲ ಎನ್ನುವ ಪಂಡಿತರು ಒಮ್ಮೆ ಬಂದು ಉಸಿರೆಳೆಯಲಿ! ನಾನು ಸೀನಿದೆ. ಪರೀಕ್ಷಕರು ಸೀನಿದರು. ಪಾಠಕ್ಕೆಂದು ನಾನು ಊದಿ ಹಿಡಿದಿದ್ದ ಬಲೂನಿನ ಶ್ವಾಸಕೋಶ ಕೈಜಾರಿ ಪುಸ್ಸೆಂದು ಹಾರಿ ಅವರ ಕನ್ನಡಕಕ್ಕೆ ಬಡಿಯಿತು.

ಕಣ್ಣೀರು ಒರೆಸಿಕೊಳ್ಳುತ್ತ ಅವರು ಆ ಹುಡುಗಿಯನ್ನು ಕೇಳಿದರು: "ಇವತ್ತ ಏನು ಕಲತಿ?"

"ನಮಗ ಮೊದಲ ಗೊತ್ತಿತ್ರಿ. ಇವತ್ತ ಸರ್ ಕಲತ್ರು!"

ತೀರ್ಪು: ಮುಂದಿನ ವಾರ ಮರುಪಾಠ, ಇದೇ ಶಾಲೆಯಲ್ಲಿ.

ಹಾವೇರಿಯಲ್ಲಿ ನನ್ನ ಚಾರ್ಟುಗಳನ್ನೇ ತೂಗುಹಾಕಿ ಪಾಸಾಗಿದ್ದ ಮುಮ್ತಾಜ್ ಎದುರಾದಳು.

"ಮೊದಲ ಯಾಕ ಹೇಳಲಿಲ್ರಿ?"

"ನೀವು ಬದಲಿ ಕೇಳಿದ್ರಿ, ಸಲಹಾ ಕೇಳ್ಲಿಲ್ಲ. ಈಗ ಪುಕ್ಕಟೆ ಹೇಳ್ತೇನಿ ತಗೋರಿ: ಮೂಗಿಗೆ ಒಂದು ಟವೆಲ್ ಒಯ್ರಿ."

ಊರಿಗೆಲ್ಲ ಟವೆಲ್ ಮಾರಿದವನು ನಾನು. ಅದು ಯಾತಕ್ಕೆ ಬೇಕೆಂದು ಮಾತ್ರ ಕೇಳಿ ತಿಳಿಯಬೇಕಾಯಿತು!